ಫಲೊಂಬೆಯ ತೊಗರಿಗೆ ಮೂರು ಬೀಗ

ಆಫ್ರಿಕಾದ ಮಲಾವಿಗೆ ಹೊರಡುವ ಹಿಂದಿನ ರಾತ್ರಿ ಅಪ್ಪ ತಟ್ಟೆಯಿಂದ ಮುಖ ಎತ್ತದೆ ಕೇಳಿದರು: "ನಮ್ಮ ದರ ಬೀಳಿಸುವವರಿಗೆ ನೆರವು ಕೊಡಲು ಹೊರಟಿದ್ದೀಯಾ?"

ಅಪ್ಪ ಆಳಂದ ತಾಲ್ಲೂಕಿನ ತೊಗರಿ ಬೆಳೆಗಾರರು. ನಾನು ದಾಲ್ ಮಿಲ್‌ಗಳಿಗೆ ಯಂತ್ರ ಅಳವಡಿಸುವವನು. ಅದೇ ಕೆಲಸಕ್ಕೆ 2017ರಲ್ಲಿ ಮಲಾವಿ ದೇಶದ ಲಿಂಬೆ ಎಂಬ ಊರಿನಲ್ಲಿ ಆರು ವಾರ ಇದ್ದೆ. ಆ ವರ್ಷ ನಮ್ಮಲ್ಲಿ ತೊಗರಿ ಎಂದೂ ಕಾಣದಷ್ಟು ಬೆಳೆದಿತ್ತು. ಕ್ವಿಂಟಲ್‌ಗೆ 5,050 ರೂಪಾಯಿ ಬೆಂಬಲ ಬೆಲೆ ಕಾಗದದ ಮೇಲಿತ್ತು. ಕಲಬುರಗಿ ಗಂಜಿನಲ್ಲಿ, ಎಂದರೆ ಧಾನ್ಯದ ಮಾರುಕಟ್ಟೆಯಲ್ಲಿ, ದರ ಅದರ ಹತ್ತಿರವೂ ಸುಳಿಯಲಿಲ್ಲ. ಅಪ್ಪ ಖರೀದಿ ಕೇಂದ್ರದ ಮುಂದೆ ಎರಡು ರಾತ್ರಿ ಚೀಲಗಳ ಮೇಲೆಯೇ ಮಲಗಿದ್ದರು. ಆಗಸ್ಟ್‌ನಲ್ಲಿ ಕೇಂದ್ರ ಸರಕಾರ ತೊಗರಿ ಆಮದಿಗೆ ವರ್ಷಕ್ಕೆ 2 ಲಕ್ಷ ಟನ್ ಎಂದು ಮಿತಿ ಹಾಕಿತು. ಅಪ್ಪ ಫೋನಿನಲ್ಲಿ "ಈಗಲಾದರೂ ಬುದ್ಧಿ ಬಂತಲ್ಲ" ಎಂದರು. ಅದೇ ವಾರ ನಾನು ಕೆಲಸ ಮಾಡುತ್ತಿದ್ದ ಮಿಲ್ಲಿನ ಬಾಗಿಲಲ್ಲಿ, ತಲೆಯ ಮೇಲೆ ತೊಗರಿ ಚೀಲ ಹೊತ್ತು ಬಂದ ಹೆಂಗಸರನ್ನು ಕಾವಲುಗಾರ ವಾಪಸು ಕಳಿಸುತ್ತಿದ್ದ. ಭಾರತ ಕೊಳ್ಳುವುದಿಲ್ಲವಂತೆ, ಹೋಗಿ. ಒಬ್ಬಾಕೆ ಚೀಲ ಇಳಿಸಿ ಅದರ ಮೇಲೆಯೇ ಕುಳಿತಳು, ನಮ್ಮಪ್ಪ ಕುಳಿತಂತೆ.

ಏಳು ವರ್ಷ ಆ ಚಿತ್ರ ತಲೆಯಲ್ಲಿತ್ತು. ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಅವರು ಕೈ ತೊಳೆದು ಎದ್ದರು.

ಆಗಸ್ಟ್ 12, 2024, ಸೋಮವಾರ

ಬೆಂಗಳೂರಿನಿಂದ ಅಡಿಸ್ ಅಬಾಬಾ, ಅಲ್ಲಿಂದ ಬ್ಲಾಂಟೈರಿನ ಚಿಲೇಕಾ ನಿಲ್ದಾಣ. ಜೊತೆಗಿದ್ದವರು ಉಡುಪಿ ಕಡೆಯ ನಿವೃತ್ತ ಬ್ಯಾಂಕ್ ಮ್ಯಾನೇಜರು. ಸಿಂಡಿಕೇಟ್ ಬ್ಯಾಂಕಿನಲ್ಲಿ ಗುಮಾಸ್ತರಾಗಿ ಸೇರಿ ಕಲಬುರಗಿಯ ಶಾಖೆಯಲ್ಲಿ ನಿವೃತ್ತರಾದವರು; 2020ರ ಏಪ್ರಿಲ್ 1ರಂದು ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾದಾಗ ತವರುಮನೆ ಮಾರಿದಷ್ಟು ನೊಂದವರು. ನಾನು ಅವರನ್ನು ಸಾಹೇಬರೇ ಎನ್ನುತ್ತೇನೆ, ಅವರು ನನ್ನನ್ನು ಮಾರಾಯರೇ ಎನ್ನುತ್ತಾರೆ. ಇಬ್ಬರ ನಡುವೆ ಇಪ್ಪತ್ತು ವರ್ಷದ ಅಂತರ, ಒಂದು ಕಡತ, ಮತ್ತು ಹನ್ನೊಂದು ಗೆಳೆಯರೊಂದಿಗೆ ಸೇರಿ ಕೂಡಿಸಿದ 9 ಲಕ್ಷ ರೂಪಾಯಿ.

ಕಡತದಲ್ಲಿದ್ದ ಯೋಜನೆ: ಬೆಂಗಳೂರಿನಲ್ಲಿ ಒಂದು ಟ್ರಸ್ಟ್, ಮಲಾವಿಯ ಫಲೊಂಬೆ ಜಿಲ್ಲೆಯ ಹಳ್ಳಿಯೊಂದರಲ್ಲಿ ಒಂದು ಕೊಳವೆ ಬಾವಿ. ಟ್ರಸ್ಟ್ ಹೊರಡುವ ಮುಂಚೆಯೇ ನೆಲ ಕಚ್ಚಿತ್ತು. ನಮ್ಮ ಲೆಕ್ಕಪರಿಶೋಧಕರು ಕನ್ನಡಕ ತೆಗೆದು ವಿವರಿಸಿದ್ದರು: ಭಾರತದ ಧರ್ಮಾರ್ಥ ಟ್ರಸ್ಟ್ ತನ್ನ ಹಣವನ್ನು ಹೊರದೇಶದಲ್ಲಿ ಖರ್ಚು ಮಾಡಿದರೆ ಆದಾಯ ತೆರಿಗೆ ವಿನಾಯಿತಿ ಸಿಗುವುದಿಲ್ಲ, ನೇರ ತೆರಿಗೆ ಮಂಡಳಿಯ ಪ್ರತ್ಯೇಕ ಅನುಮತಿ ಬೇಕು. ಆದರೆ ಒಬ್ಬೊಬ್ಬ ವ್ಯಕ್ತಿ ರಿಸರ್ವ್ ಬ್ಯಾಂಕಿನ ಯೋಜನೆಯಡಿ ವರ್ಷಕ್ಕೆ 2.5 ಲಕ್ಷ ಡಾಲರ್ ತನಕ ಹೊರಗೆ ಕಳಿಸಬಹುದು, ದೇಣಿಗೆಯೂ ಅದರೊಳಗೆ ಬರುತ್ತದೆ. "ಎರಡೂವರೆ ಲಕ್ಷ ಡಾಲರ್ ಮಿತಿ ದಾಟದಂತೆ ಜಾಗ್ರತೆ ವಹಿಸೋಣ ಮಾರಾಯರೇ" ಎಂದು ಸಾಹೇಬರು ಗಂಭೀರವಾಗಿ ಹೇಳಿದ್ದರು. ಹೀಗಾಗಿ ಸಂಸ್ಥೆ ಹುಟ್ಟುವುದಿದ್ದರೆ ಮಲಾವಿಯಲ್ಲೇ ಹುಟ್ಟಬೇಕು.

ಲಿಂಬೆಯ ವಸತಿಗೃಹದಲ್ಲಿ ಮಲಗಿದಾಗ ಮೈ ನಡುಗುವ ಚಳಿ. ಆಫ್ರಿಕಾ ಎಂದರೆ ಬಿಸಿಲು ಎಂದುಕೊಂಡು ಸಾಹೇಬರು ಸ್ವೆಟರ್ ತಂದಿರಲಿಲ್ಲ. ಮೊಜಾಂಬಿಕ್ ಕಡೆಯ ಚಿಪೆರೋನೆ ಬೆಟ್ಟದಿಂದ ಬರುವ ಈ ಮಂಜು ಮಳೆಗೆ ಇಲ್ಲಿ ಚಿಪೆರೋನಿ ಎಂದೇ ಹೆಸರು. ಹೊದೆಯಲು ಕೊಟ್ಟ ಕಂಬಳಿಗೂ ಅದೇ ಹೆಸರು.

ಆಗಸ್ಟ್ 13, ಮಂಗಳವಾರ

ಲಿಂಬೆಯಲ್ಲಿ ನಾಲ್ಕು ಹೆಜ್ಜೆಗೊಂದು ಗುಜರಾತಿ ಅಂಗಡಿ. 1970ರ ದಶಕದಲ್ಲಿ ಅಧ್ಯಕ್ಷ ಬಾಂಡಾ ಅವರ ಸರಕಾರ ಏಷ್ಯಾ ಮೂಲದವರು ಹಳ್ಳಿಗಳಲ್ಲಿ ವ್ಯಾಪಾರ ಮಾಡುವುದನ್ನು ತಡೆದ ಮೇಲೆ ಎಲ್ಲರೂ ಪಟ್ಟಣ ಸೇರಿದರು. ಭಾರತೀಯರನ್ನು ಇಲ್ಲಿ ಅಮ್ವೆನ್ಯೆ ಎನ್ನುತ್ತಾರೆ. ಆ ಪದದಲ್ಲಿ ಸ್ವಲ್ಪ ಗೌರವ, ಸ್ವಲ್ಪ ಅನುಮಾನ, ಎರಡೂ ಇವೆ. ನಮ್ಮೂರಿನಲ್ಲಿ 'ಸೇಟು' ಎಂದಾಗ ಇರುವಂತೆ.

ಹಳೆಯ ಪರಿಚಯದ ಮಿಲ್ ಮಾಲೀಕರು ಚಹಾ ಕೊಟ್ಟು ಲೆಕ್ಕ ಬಿಡಿಸಿದರು. ಮಲಾವಿಯಲ್ಲಿ ತೊಗರಿ ರಾಶಿಯಾಗುವುದು ಜುಲೈನಿಂದ ಸೆಪ್ಟೆಂಬರ್. ನಮ್ಮ ಹೊಸ ತೊಗರಿ ಬರುವುದು ಡಿಸೆಂಬರ್ ನಂತರ. ನಡುವಿನ ಆ ಕಿಂಡಿಯಲ್ಲಿ ಇವರ ಕಾಳು ಮುಂಬೈ ಸೇರುತ್ತದೆ. 2021ರಲ್ಲಿ ಎರಡು ಸರಕಾರಗಳ ನಡುವೆ ಐದು ವರ್ಷದ ಒಪ್ಪಂದವಾಗಿ, ವರ್ಷಕ್ಕೆ 50,000 ಟನ್ ಕೊಳ್ಳುವ ಮಾತಾಗಿದೆ. "ಆದರೆ ರೈತ ಆಗಸ್ಟ್‌ನಲ್ಲೇ ಮಾರಿ ಮುಗಿಸುತ್ತಾನೆ. ದರ ಏರುವ ಹೊತ್ತಿಗೆ ಅವನ ಮನೆಯಲ್ಲಿ ಕಾಳಿರುವುದಿಲ್ಲ" ಎಂದರು. ಅವರಿಗೆ ಅದರಿಂದ ನಷ್ಟವೇನಿಲ್ಲ ಎಂಬುದನ್ನು ನಾನೂ ಹೇಳಲಿಲ್ಲ, ಅವರೂ ಹೇಳಲಿಲ್ಲ.

ಹಣ ಬದಲಿಸಿದೆವು. 2023ರ ನವೆಂಬರ್‌ನಲ್ಲಿ ಕ್ವಾಚಾ ನಾಣ್ಯದ ಅಪಮೌಲ್ಯವಾಗಿ ಡಾಲರಿಗೆ 1,700ರ ಹತ್ತಿರ ನಿಂತಿತ್ತು. ಅತಿ ದೊಡ್ಡ ನೋಟು 5,000ದ್ದು. ಸಾಹೇಬರು ಕಟ್ಟುಗಳನ್ನು ಹೆಬ್ಬೆರಳಿನಲ್ಲಿ ಸರ್ರನೆ ಎಣಿಸಿದ್ದು ಕಂಡು ಕೌಂಟರಿನ ಹುಡುಗಿ ಬೆರಗಾದಳು. ದಿನದ ಖುಷಿ ಅವರಿಗೆ ಅಷ್ಟೇ ಸಾಕಾಯಿತು.

ಆಗಸ್ಟ್ 14, ಬುಧವಾರ

ಥ್ಯೋಲೊ, ಮುಲಾಂಜೆ ದಾರಿಯುದ್ದಕ್ಕೂ ಚಹಾ ತೋಟ. ಕೊಡಗಿನ ತಿರುವೊಂದರಲ್ಲಿದ್ದೇವೆ ಎನಿಸುವಷ್ಟರಲ್ಲಿ ಬಯಲಿನ ನಡುವಿನಿಂದ ಮುಲಾಂಜೆ ಬೆಟ್ಟ ಗೋಡೆಯಂತೆ ಎದ್ದು ನಿಲ್ಲುತ್ತದೆ. ಅದರ ಸಪಿತ್ವಾ ಶಿಖರ 3,002 ಮೀಟರ್, ನಮ್ಮ ಮುಳ್ಳಯ್ಯನಗಿರಿಗಿಂತ ಸಾವಿರ ಮೀಟರ್ ಎತ್ತರ. ಬೆಟ್ಟ ಬಳಸಿದರೆ ಫಲೊಂಬೆ. ಪಕ್ಕದಲ್ಲಿ ಮಿಚೆಸಿ ಬೆಟ್ಟ.

1991ರ ಮಾರ್ಚ್‌ನಲ್ಲಿ ಈ ಮಿಚೆಸಿಯ ಮೈ ಕುಸಿದು ನೂರಾರು ಮಂದಿ ಸತ್ತರು. ಬೆಟ್ಟದೊಳಗೆ ನಪೋಲೊ ಎಂಬ ಸರ್ಪವಿದೆ, ಅದು ಜಾಗ ಬಿಟ್ಟು ಹರಿದಾಗ ಪ್ರವಾಹ ಬರುತ್ತದೆ ಎಂದು ಜನ ನಂಬುತ್ತಾರೆ. 2023ರ ಮಾರ್ಚ್‌ನಲ್ಲಿ ಅದು ಮತ್ತೆ ಹರಿಯಿತು. ಹವಾಮಾನ ಇಲಾಖೆ ಅದನ್ನು ಫ್ರೆಡ್ಡಿ ಚಂಡಮಾರುತ ಎಂದಿತು. ದಕ್ಷಿಣ ಮಲಾವಿಯಲ್ಲಿ ಆರು ದಿನದಲ್ಲಿ ಆರು ತಿಂಗಳ ಮಳೆ. 600ಕ್ಕೂ ಹೆಚ್ಚು ಸಾವು, 500ಕ್ಕೂ ಹೆಚ್ಚು ಮಂದಿ ಕಾಣೆ. ಅದರ ಮರುವರ್ಷ ಮಳೆಯೇ ಇಲ್ಲ. 2024ರ ಮಾರ್ಚ್ 23ರಂದು 28 ಜಿಲ್ಲೆಗಳ ಪೈಕಿ 23ನ್ನು ವಿಪತ್ತುಪೀಡಿತ ಎಂದು ಘೋಷಿಸಲಾಯಿತು.

ದಾರಿಯ ಎರಡೂ ಬದಿಯಲ್ಲಿ ಜೋಳದ ದಂಟು ಮೊಣಕಾಲೆತ್ತರಕ್ಕೇ ಒಣಗಿ ನಿಂತಿತ್ತು. ಇಲ್ಲಿ ಜೋಳ ಎಂದರೆ ಮೆಕ್ಕೆಜೋಳ. ಅದರ ನಡುನಡುವೆ ಆಳೆತ್ತರದ ತೊಗರಿ ಗಿಡ, ಮೈತುಂಬ ಕಾಯಿ. ನಾನು ಗಾಡಿ ನಿಲ್ಲಿಸಿ ಇಳಿದೆ. ತೊಗರಿಯ ಬೇರು ಆಳಕ್ಕಿಳಿಯುತ್ತದೆ, ಮೇಲ್ಮಣ್ಣು ಒಣಗಿದರೂ ಕೆಳಗಿನ ತೇವ ಹೀರುತ್ತದೆ. ಅಪ್ಪ ಬರಗಾಲದಲ್ಲಿ ಹೇಳುತ್ತಿದ್ದ ಮಾತು ಇದೇ. ಕಾಯಿ ಸುಲಿದೆ: ಬಿಳಿ ಕಾಳು, ನಮ್ಮ ಕೆಂಪು ಕಾಳಿಗಿಂತ ದಪ್ಪ. ನಮ್ಮಲ್ಲಿ ನೆಟೆ ರೋಗ ತಡೆಯಲು ಬಂದ ಮಾರುತಿ ತಳಿ ಮತ್ತು ಇಲ್ಲಿಗೆ 1987ರಲ್ಲಿ ಬಂದ ಸೌಮಾ ತಳಿ, ಎರಡರ ಹಿಂದೆಯೂ ಇರುವುದು ಹೈದರಾಬಾದ್ ಹತ್ತಿರದ ಇಕ್ರಿಸ್ಯಾಟ್ ಎಂಬ ಕೃಷಿ ಸಂಶೋಧನಾ ಸಂಸ್ಥೆ. ಅಪ್ಪನಿಗೆ ಇದನ್ನು ಹೇಳಬೇಕೆಂದುಕೊಂಡೆ. ಫೋನಿಗೆ ಸಿಗ್ನಲ್ ಇರಲಿಲ್ಲ.

ಆಗಸ್ಟ್ 15, ಗುರುವಾರ

ಡಾಂಬರು ಮುಗಿದಲ್ಲಿಂದ ಕಬಾಜಾ. ಎಂದರೆ ಸೈಕಲ್ ಬಾಡಿಗೆ: ಹಿಂದಿನ ಕ್ಯಾರಿಯರಿಗೆ ದಿಂಬು ಕಟ್ಟಿ ಪ್ರಯಾಣಿಕರನ್ನು ಕೂರಿಸಿಕೊಳ್ಳುತ್ತಾರೆ. ಸ್ವಾತಂತ್ರ್ಯ ದಿನವೆಂದು ಅಂಗಿಗೆ ತ್ರಿವರ್ಣದ ಬಿಲ್ಲೆ ಚುಚ್ಚಿಕೊಂಡಿದ್ದ ಸಾಹೇಬರು ಎರಡು ಕೈಯಲ್ಲೂ ಸೀಟಿನ ಕಬ್ಬಿಣ ಹಿಡಿದು ಕಣ್ಣು ಮುಚ್ಚಿಕೊಂಡು ಹಳ್ಳಿ ಪ್ರವೇಶಿಸಿದರು.

ಹಳ್ಳಿಯ ಮುಖ್ಯಸ್ಥೆ ಎಪ್ಪತ್ತರ ಹತ್ತಿರದ ಅಜ್ಜಿ. ಅವರ ಎದುರು ಬಾಗಿ, ಮೆಲ್ಲನೆ ಚಪ್ಪಾಳೆ ತಟ್ಟಿ 'ಅಮ್ಫುಮು' ಎನ್ನಬೇಕು. ಹೆಂಗಸು ಮುಖ್ಯಸ್ಥೆಯಾಗಿರುವುದಕ್ಕೆ ನಾನು ಅಚ್ಚರಿಪಟ್ಟೆ. ದುಭಾಷಿಯಾಗಿ ಬಂದಿದ್ದ ಶಾಲಾ ಮಾಸ್ತರರು ವಿವರಿಸಿದರು: ಇವರು ಲೋಮ್ವೆ ಜನ. ಮದುವೆಯಾದ ಗಂಡು ಹೆಣ್ಣಿನ ಊರಿಗೆ ಬಂದು ಇರುತ್ತಾನೆ, ಹೊಲ ಮಗಳಿಗೆ ಹೋಗುತ್ತದೆ, ಮನೆಯ ದೊಡ್ಡ ಮಾತು ಸೋದರಮಾವನದು. ಕೇಳುತ್ತಿದ್ದ ಸಾಹೇಬರ ಮುಖ ಅರಳಿತು. "ಅಳಿಯಸಂತಾನ! ನಮ್ಮ ತುಳುನಾಡೇ ಮಾರಾಯರೇ!" ಮಾಸ್ತರರು ಅದನ್ನು ಹೇಗೆ ಅನುವಾದಿಸಿದರೋ, ಅಜ್ಜಿ ಸಾಹೇಬರನ್ನು ತಮ್ಮ ಪಕ್ಕದ ಚಾಪೆಗೆ ಕರೆದು ಕೂರಿಸಿಕೊಂಡರು.

ಮಾವಿನ ಮರದಡಿ ಸಭೆ. ಮೊದಲು ಎದ್ದ ಗಡ್ಡದ ಹಿರಿಯರೊಬ್ಬರು ಈ ಸಭೆಗೆ ಭತ್ಯೆ ಎಷ್ಟು ಎಂದು ಕೇಳಿದರು. ನೆರವಿನ ಸಂಸ್ಥೆಗಳು ಸಭೆಗೆ ಕೂತವರಿಗೆಲ್ಲ ಭತ್ಯೆ ಕೊಟ್ಟು ರೂಢಿ ಮಾಡಿವೆ. ಇಲ್ಲ ಎಂದೆವು. ಐದಾರು ಗಂಡಸರು ಎದ್ದು ಹೋದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅರ್ಧ ದಿನದ ಕೂಲಿ ಬಿಟ್ಟು ನಮ್ಮ ಭಾಷಣ ಯಾಕೆ ಕೇಳಬೇಕು?

ನಾನು ಕೊಳವೆ ಬಾವಿಯ ಮಾತೆತ್ತಿದೆ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಒಬ್ಬಾಕೆ ಎದ್ದು, ಬನ್ನಿ ಎಂದು ಕರೆದುಕೊಂಡು ಹೋದಳು.

ಆ ಹಳ್ಳಿಯಲ್ಲಿ ಆಗಲೇ ಮೂರು ಕೊಳವೆ ಬಾವಿಗಳಿದ್ದವು. ಮೂರಕ್ಕೂ ಆಫ್ರಿದೇವ್ ಕೈಪಂಪು. ನಮ್ಮೂರುಗಳಲ್ಲಿರುವ ಇಂಡಿಯಾ ಮಾರ್ಕ್ 2 ಕೆಟ್ಟರೆ ಇಲಾಖೆಯ ಜೀಪು ಬರಬೇಕು. ಆಫ್ರಿದೇವನ್ನು ಹಳ್ಳಿಯವರೇ ಬಿಚ್ಚಿ ಜೋಡಿಸಲಿ ಎಂದೇ ರೂಪಿಸಿದ್ದು. ಒಂದು ಪಂಪು ಓಡುತ್ತಿತ್ತು, ಸಾಲಿನಲ್ಲಿ ಮೂವತ್ತು ಕೊಡ. ಎರಡನೆಯದು ಫ್ರೆಡ್ಡಿಯ ಮರಳಿನಲ್ಲಿ ಹೂತಿತ್ತು. ಮೂರನೆಯದರ ಕಟ್ಟೆಯ ಮೇಲೆ ದಾನಿಗಳ ಹೆಸರಿನ ಕಲ್ಲು ಹೊಳೆಯುತ್ತಿತ್ತು, ಹಿಡಿಕೆಗೆ ಮೇಕೆ ಕಟ್ಟಿದ್ದರು. ಕೆಟ್ಟಿರುವುದೇನು ಎಂದು ಕೇಳಿದೆ. ಆಕೆ ಸೆರಗಿನ ಗಂಟು ಬಿಚ್ಚಿ, ಸವೆದು ತುಟಿ ಹರಿದ ಒಂದು ರಬ್ಬರ್ ಉಂಗುರವನ್ನು ನನ್ನ ಅಂಗೈ ಮೇಲಿಟ್ಟಳು. ಯು ಸೀಲ್. ಎಂಟು ತಿಂಗಳಿಂದ ಅದನ್ನು ಜೊತೆಯಲ್ಲೇ ಇಟ್ಟುಕೊಂಡಿದ್ದಾಳೆ, ಪೇಟೆಗೆ ಹೋದಾಗ ಅಳತೆ ತೋರಿಸಲು. ರಿಪೇರಿ ಅವಳಿಗೆ ಬರುತ್ತದೆ. ಉಂಗುರದ ಜೊತೆ ಒಂದು ಸರಳೂ ಬೇಕಾಗಿತ್ತು, ಅದಕ್ಕೆ ದುಡ್ಡಿರಲಿಲ್ಲ.

ನಮ್ಮ ಕಡತದಲ್ಲಿದ್ದ ಹೊಸ ಬಾವಿಯ ಅಂದಾಜು 7 ಲಕ್ಷ ರೂಪಾಯಿ. ಆ ಉಂಗುರದ ಎದುರು ಅದು ಎಷ್ಟು ಅಸಹ್ಯವಾಗಿ ಕಂಡಿತೆಂದರೆ ರಾತ್ರಿ ಕಡತ ತೆರೆಯಲೇ ಇಲ್ಲ.

ಊಟಕ್ಕೆ ನ್ಸಿಮಾ: ಮೆಕ್ಕೆಜೋಳದ ಹಿಟ್ಟಿನ ಬಿಳಿ ಮುದ್ದೆ. ಪಕ್ಕದಲ್ಲಿ ಇಡೀ ತೊಗರಿಕಾಳಿನ ಪಲ್ಯ. ಬೇಳೆ ಮಾಡುವ ಪದ್ಧತಿ ಇಲ್ಲಿಲ್ಲ. ಬಾಲಕಿಯೊಬ್ಬಳು ಮೊಣಕಾಲೂರಿ ನಮ್ಮ ಕೈಗೆ ನೀರು ಹಾಕಿದಳು. ಕುಡಿಯಲು ಥೋಬ್ವಾ, ರಾಗಿ ಹಾಕಿದ ಹುಳಿಸಿಹಿ ಅಂಬಲಿ. ರಾಗಿಯ ತವರು ಆಫ್ರಿಕಾದ ಪೂರ್ವದ ಎತ್ತರದ ನೆಲವೇ. ಸಾವಿರಾರು ವರ್ಷದ ಹಿಂದೆ ನಮ್ಮ ಕಡೆಗೆ ಬಂತು. ಸಾಹೇಬರು ಎರಡು ಲೋಟ ಕುಡಿದರು.

ಆಗಸ್ಟ್ 16, ಶುಕ್ರವಾರ

ಸಂತೆ. ಬೇವಿನಂಥದೊಂದು ಮರಕ್ಕೆ ಗಡಿಯಾರದ ಮುಖದ ಸ್ಪ್ರಿಂಗ್ ತಕ್ಕಡಿ ನೇತುಹಾಕಿ ಹುಡುಗನೊಬ್ಬ ತೊಗರಿ ಕೊಳ್ಳುತ್ತಿದ್ದ. ಗಂಜಿನಲ್ಲಿ ಬೆಳೆದವನಿಗೆ ತಕ್ಕಡಿ ಕಂಡರೆ ಸುಮ್ಮನಿರಲಾಗುವುದಿಲ್ಲ. ನಮ್ಮಲ್ಲಿ ತೂಕದಲ್ಲಿ 'ಸೂಟು' ಎಂದು ಒಂದಿಷ್ಟು ಮುರಿದುಕೊಳ್ಳುವುದು, ಸ್ಯಾಂಪಲ್ ಎಂದು ಮುಷ್ಟಿ ಮುಷ್ಟಿ ಎತ್ತಿಕೊಳ್ಳುವುದು, ಎಲ್ಲವನ್ನೂ ನೋಡಿಯೇ ದೊಡ್ಡವನಾದೆ.

ಎದುರಿನ ಅಂಗಡಿಯಲ್ಲಿ ಒಂದು ಕಿಲೋದ ಸಕ್ಕರೆ ಪೊಟ್ಟಣ ಹತ್ತು ಕೊಂಡೆ. ಹೇಗೂ ಸಭೆಯ ಚಹಾಕ್ಕೆ ಬೇಕಿತ್ತು. ಹತ್ತನ್ನೂ ಚೀಲಕ್ಕೆ ಹಾಕಿ, ತೂಗಿ ನೋಡಬಹುದೇ ಎಂದು ಮಾಸ್ತರರ ಮೂಲಕ ಕೇಳಿದೆ. ಹುಡುಗ ನಗುತ್ತಲೇ ಕೊಕ್ಕೆಗೆ ಸಿಕ್ಕಿಸಿದ. ಮುಳ್ಳು ಎಂಟರ ಮೇಲೆ ನಿಂತಿತು. ಸ್ವಲ್ಪ ನಡುಗಿತು, ಮತ್ತೆ ಎಂಟಕ್ಕೇ ಬಂತು.

ಸುತ್ತ ನಿಂತವರಾರೂ ಕೂಗಾಡಲಿಲ್ಲ. ಎಲ್ಲರಿಗೂ ಗೊತ್ತಿದ್ದ ಸಂಗತಿ. ಕುಗ್ಗಿದ್ದು ನಾನು. ಹುಡುಗನಿಗೆ ಇಪ್ಪತ್ತೆರಡು ವರ್ಷವಿರಬಹುದು. ಅವನು ತಲೆ ತಗ್ಗಿಸದೆ ಹೇಳಿದ: ಹಣ ನನ್ನದಲ್ಲ, ಪಟ್ಟಣದ ವ್ಯಾಪಾರಿಯದು. ಸಂಜೆಗೆ ಲೆಕ್ಕ ಒಪ್ಪಿಸಬೇಕು. ಅಲ್ಲಿಯ ತಕ್ಕಡಿ ನನ್ನ ಚೀಲವನ್ನೂ ಹೀಗೆಯೇ ತಿನ್ನುತ್ತದೆ. ನಾನು ಇಲ್ಲಿ ಸರಿಯಾಗಿ ತೂಗಿದರೆ ಸೈಕಲ್ ಮಾರಿ ತುಂಬಿಕೊಡಬೇಕು.

ನಾವು ಮಾತಾಡುತ್ತಿರುವಾಗಲೇ ಒಬ್ಬಾಕೆ ಬಂದು, ಮುಳ್ಳು ಎಂಟಕ್ಕೆ ನಿಂತಿದ್ದನ್ನು ನೋಡಿಯೂ ತನ್ನ ಬುಟ್ಟಿ ಕೊಕ್ಕೆಗೆ ಏರಿಸಿದಳು. ಇಂದೇ ಯಾಕೆ ಮಾರುತ್ತೀರಿ ಎಂದು ಕೇಳಿಸಿದೆ. "ಕಟಾಪಿಲಾ" ಎಂದಳು. ಹಸಿವಿನ ತಿಂಗಳುಗಳಲ್ಲಿ, ಎಂದರೆ ಡಿಸೆಂಬರ್‌ನಿಂದ ಫೆಬ್ರುವರಿವರೆಗೆ, ಹಿಂದಿನ ಜೋಳ ಮುಗಿದು ಹೊಸದು ಬರುವ ಮುಂಚೆ ತೆಗೆದ ಬಡ್ಡಿ ಸಾಲ. ಒಂದಕ್ಕೆ ಎರಡು ಕೊಡಬೇಕು. ನೆಲವನ್ನೆಲ್ಲ ಅಗೆದು ಸಪಾಟು ಮಾಡುವ ಕ್ಯಾಟರ್‌ಪಿಲ್ಲರ್ ಯಂತ್ರದ ಹೆಸರನ್ನು ಬಡ್ಡಿಗೆ ಇಟ್ಟವನು ಯಾರೋ, ಅವನಿಗೆ ಕೈ ಮುಗಿಯಬೇಕು.

ಆಗಸ್ಟ್ 17, ಶನಿವಾರ

ಈ ದಿನಕ್ಕಾಗಿಯೇ ನಾವು ಬಂದದ್ದು ಎಂದು ಈಗ ಅನಿಸುತ್ತದೆ. ಅಂದು ಬೆಳಿಗ್ಗೆ ಸಾಹೇಬರಿಗೆ ಹೊಟ್ಟೆ ಸರಿಯಿರಲಿಲ್ಲ, ಹೋಗುವುದೇ ಬೇಡವೆಂದಿದ್ದರು.

ಮುಖ್ಯಸ್ಥೆಯ ಮನೆಯ ಜಗಲಿಯಲ್ಲಿ ಇಪ್ಪತ್ತೈದು ಹೆಂಗಸರು ಸುತ್ತಲೂ ಕುಳಿತಿದ್ದರು. ಅದಕ್ಕೆ ಬಂಕಿ ಮ್ಖೊಂಡೆ ಎನ್ನುತ್ತಾರೆ. ಮ್ಖೊಂಡೆ ಎಂದರೆ ಜಗಲಿಯಲ್ಲಿ. ಜಗಲಿ ಬ್ಯಾಂಕು! ನಡುವೆ ಒಂದು ತಗಡಿನ ಪೆಟ್ಟಿಗೆ, ಅದಕ್ಕೆ ಮೂರು ಬೀಗ. ಕೀಲಿಗಳು ಮೂರು ಬೇರೆ ಮನೆಗಳಲ್ಲಿ, ಪೆಟ್ಟಿಗೆ ನಾಲ್ಕನೆಯ ಮನೆಯಲ್ಲಿ. ಮೂವರು ಬಂದು ಒಂದೊಂದೇ ಬೀಗ ತೆಗೆದ ಮೇಲೆ ಮುಚ್ಚಳ ಎದ್ದಿತು. ಹೋದ ವಾರ ಒಳಗೆ ಎಷ್ಟು ಬಿಟ್ಟಿದ್ದೆವು ಎಂದು ಅಧ್ಯಕ್ಷೆ ಕೇಳಿದಳು. ಎಲ್ಲರೂ ಒಟ್ಟಾಗಿ ಮೊತ್ತ ಕೂಗಿದರು. ಓದು ಬರದವರಿಗೂ ಲೆಕ್ಕ ಬಾಯಿಪಾಠವಿರಬೇಕೆಂದು ಈ ಪದ್ಧತಿ. ಹಣ ಎಣಿಸಿದರು, ತಾಳೆಯಾಯಿತು. ಆಮೇಲೆ ಒಬ್ಬೊಬ್ಬರೂ ತಮ್ಮ ಪಾಲು ಕಟ್ಟಿದರು. ತಡವಾಗಿ ಬಂದವಳಿಗೆ ದಂಡ ಬಿತ್ತು. ಅವಳು ಮುಖ್ಯಸ್ಥೆಯ ಮಗಳು.

ಸಾಹೇಬರು ಹೊಟ್ಟೆನೋವು ಮರೆತು ಚಾಪೆಯ ಅಂಚಿಗೆ ಜರುಗಿದ್ದರು. ಮೂವತ್ತೈದು ವರ್ಷ ತಿಜೋರಿಯ ಎರಡು ಕೀಲಿಗಳಲ್ಲಿ ಒಂದನ್ನು ಸೊಂಟಕ್ಕೆ ಕಟ್ಟಿಕೊಂಡು ಓಡಾಡಿದ ಮನುಷ್ಯ. ಉಡುಪಿಯಲ್ಲಿ 1928ರಲ್ಲಿ ಶುರುವಾದ ಪಿಗ್ಮಿ ಠೇವಣಿಯ ಕಥೆಯನ್ನು ಅವರಿಗೆ ಹೇಳಿದರು: ಬ್ಯಾಂಕಿನ ಏಜೆಂಟರು ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆ ಕಟ್ಟಿಸಿಕೊಳ್ಳುತ್ತಿದ್ದುದು. ಒಬ್ಬಾಕೆ ಕೇಳಿದಳು: ಆ ಎರಡಾಣೆಯ ಬಡ್ಡಿ ಕಡೆಗೆ ಯಾರಿಗೆ ಹೋಯಿತು? ಸಾಹೇಬರು ನನ್ನತ್ತ ನೋಡಿದರು. ನಾನು ಬೆಟ್ಟದತ್ತ ನೋಡಿದೆ.

ಇವರ ಬಡ್ಡಿ ತಿಂಗಳಿಗೆ ನೂರಕ್ಕೆ ಹತ್ತು. "ವರ್ಷಕ್ಕೆ ನೂರಿಪ್ಪತ್ತು! ಇದು ಸುಲಿಗೆ ಮಾರಾಯರೇ" ಎಂದು ಸಾಹೇಬರು ನನ್ನ ಕಿವಿಯಲ್ಲಿ ಹೇಳಿದ್ದನ್ನು ಮಾಸ್ತರರು ಊಹಿಸಿ ಅನುವಾದಿಸಿಯೇ ಬಿಟ್ಟರು. ನಗು ಎದ್ದಿತು. ಕಾರ್ಯದರ್ಶಿ ಶಾಂತವಾಗಿ ತಿಳಿಸಿದಳು: ಬಡ್ಡಿ ಕಟ್ಟುವವರೂ ನಾವೇ, ಡಿಸೆಂಬರ್‌ನಲ್ಲಿ ಪೆಟ್ಟಿಗೆ ಒಡೆದು ಹಂಚಿಕೊಳ್ಳುವವರೂ ನಾವೇ. ಆ ದುಡ್ಡಿನಲ್ಲಿ ಗೊಬ್ಬರ ಕೊಳ್ಳುತ್ತೇವೆ. ನೀವು ಬಡ್ಡಿ ಇಳಿಸಿ ಎಂದರೆ ನಮ್ಮ ಗೊಬ್ಬರದ ಚೀಲ ಸಣ್ಣದಾಗುತ್ತದೆ. ಸಾಹೇಬರು ಪುಸ್ತಕ ತರಿಸಿ ನೋಡಿದರು. ಒಂದು ಕಡೆ 200 ಕ್ವಾಚಾ ವ್ಯತ್ಯಾಸ ಹಿಡಿದು ಗೆದ್ದವರಂತೆ ತೋರಿಸಿದರು. ಕಾರ್ಯದರ್ಶಿ ಹಿಂದಿನ ಪುಟ ತಿರುವಿದಳು. ಅದು ದಂಡದ ಬಾಬ್ತು, ಬೇರೆ ಬಟ್ಟಲಿನದು. ತಪ್ಪು ಸಾಹೇಬರದೇ. ಅವರು ಎದ್ದು ನಿಂತು ಕ್ಷಮೆ ಕೇಳಿದರು.

ಆಮೇಲೆ ನಾನು ಬಾಯಿ ಬಿಟ್ಟೆ, ಈ ಬಾರಿ ಪ್ರಶ್ನೆಯಾಗಿ: ತೊಗರಿಯನ್ನು ಮೂರು ತಿಂಗಳು ಇಟ್ಟುಕೊಳ್ಳಲು ಏನು ಬೇಕು? ಮಾತು ಒಮ್ಮೆಲೇ ಏರಿತು, ಮಾಸ್ತರರಿಗೆ ಅನುವಾದಿಸಲು ಉಸಿರು ಸಾಲಲಿಲ್ಲ. ನುಸಿ ಬೀಳುತ್ತದೆ, ಬೂದಿ ಕಲಸಿದರೂ ಎರಡು ತಿಂಗಳು ಅಷ್ಟೇ. (ಕೆಮ್ಮಣ್ಣು ಲೇಪಿಸಿ ಬಿಸಿಲಿಗೆ ಹಾಕುವ ನಮ್ಮ ಅಜ್ಜಿಯ ಪದ್ಧತಿ ಹೇಳಿದೆ; ನೀರೇ ಇಲ್ಲದಲ್ಲಿ ಮಣ್ಣು ಕಲಸುವುದು ಹೇಗೆಂದು ಕೇಳಿದರು.) ಮೂರು ಪದರದ ಗಾಳಿಯಾಡದ ಚೀಲ ಲಿಂಬೆಯಲ್ಲಿ ಸಿಗುತ್ತದೆ. ಮನೆಯಲ್ಲಿಟ್ಟರೆ ಗಂಡ ಮಾರುತ್ತಾನೆ. ಒಂದೇ ಕಡೆ ಇಟ್ಟರೆ ಲಾರಿ ಹಳ್ಳಿಗೇ ಬರುತ್ತದೆ. ಆದರೆ ಅಲ್ಲಿಯ ತನಕ ಕಟಾಪಿಲಾದವನಿಗೆ ಏನು ಕೊಡುವುದು?

ಇಲ್ಲಿ ಸಾಹೇಬರು ಗೆದ್ದರು, ನ್ಯಾಯವಾಗಿಯೇ. ನಮ್ಮ ಕೃಷಿ ಮಾರುಕಟ್ಟೆಗಳಲ್ಲಿರುವ ಅಡಮಾನ ಸಾಲದ ಪದ್ಧತಿಯನ್ನು ನೆಲದ ಮೇಲೆ ಕಡ್ಡಿಯಿಂದ ಬರೆದು ವಿವರಿಸಿದರು. ಕಾಳು ಗೋದಾಮಿಗೆ, ಅದರ ಬೆಲೆಯ ಅರ್ಧ ಸಾಲವಾಗಿ ಕೈಗೆ, ಮಾರಿದ ಮೇಲೆ ಲೆಕ್ಕ. ಸಾಲದ ಹಣ ನಮ್ಮ 9 ಲಕ್ಷದಿಂದ ಪೆಟ್ಟಿಗೆಗೆ. ಹೆಂಗಸರು ಕಡ್ಡಿ ಕಸಿದುಕೊಂಡು ಅರ್ಧವನ್ನು ಮೂರನೇ ಒಂದಕ್ಕೆ ಇಳಿಸಿದರು. ದರ ಬಿದ್ದರೆ ಅರ್ಧವೂ ಹಿಂದಕ್ಕೆ ಬರಲಾರದು ಎಂಬುದು ಅವರ ವಾದ.

ಆಗಲೇ ಮುಖ್ಯಸ್ಥೆ ನನ್ನನ್ನು ಕೇಳಿದ್ದು: "ನಿಮ್ಮ ದೇಶ ಈ ವರ್ಷ ಕೊಳ್ಳುತ್ತದೆಯೇ?"

ಬೆಟ್ಟದ ಬುಡದ ಜಗಲಿಯಲ್ಲಿ ಕುಳಿತ ಅಜ್ಜಿ ದೆಹಲಿಯ ಅಧಿಸೂಚನೆಯ ಬಗ್ಗೆ ಕೇಳುತ್ತಿದ್ದರು. 2017 ಅವರಿಗೆ ನೆನಪಿತ್ತು. ಆ ವರ್ಷ ತೊಗರಿಯನ್ನು ಒಲೆಗೆ ಹಾಕಲಿಲ್ಲ ಅಷ್ಟೇ ಎಂದರು. ಮುಂದಿನ ಮಾರ್ಚ್ ತನಕ ಸುಂಕವಿಲ್ಲದೆ ತರಿಸಿಕೊಳ್ಳುತ್ತಾರೆ, ಅದರಾಚೆಯದನ್ನು ನಾನು ಹೇಳಲಾರೆ ಎಂದೆ. ಅವರು ತಲೆದೂಗಿ, ಹಾಗಿದ್ದರೆ ಮೂರನೇ ಒಂದೇ ಸರಿ ಎಂದರು.

ಆಗಸ್ಟ್ 18, ಭಾನುವಾರ

ಚರ್ಚಿನಲ್ಲಿ ಹಾಡು, ಹೊರಗೆ ಇಟ್ಟಿಗೆ ಗೂಡಿನ ಹೊಗೆ. ಸಾಹೇಬರು ಗಂಜಿ ಕುಡಿದು ಮಲಗಿದರು. ನಾನು ಪಂಪಿನಾಕೆಯ ಜೊತೆ ಮುಲಾಂಜೆ ರಸ್ತೆಯ ಪೇಟೆಗೆ ಹೋಗಿ ಸೀಲ್ ಮತ್ತು ಸರಳು ತಂದೆ. ಸಂಜೆ ಮೇಕೆಯ ಹಗ್ಗ ಬಿಚ್ಚಿ ಪಂಪು ಜೋಡಿಸಿದರು. ನಲವತ್ತು ನಿಮಿಷ, ಒಂದೇ ಪಾನಾ. ಮೊದಲು ಕೆಂಪು ನೀರು, ಆಮೇಲೆ ತಿಳಿ.

ಆಗಸ್ಟ್ 19, ಸೋಮವಾರ

ಗೋದಾಮಿಗೆ ಕಟ್ಟಡ ಕಟ್ಟಬೇಕಾಗಲಿಲ್ಲ. ಶಾಲೆಯ ಪಕ್ಕದಲ್ಲಿ ಹಳೆಯ ಜೋಳದ ಕೋಣೆ ಇತ್ತು, ತಗಡು ಹಾರಿಹೋಗಿತ್ತು. ಪಟ್ಟಿ ಬರೆದೆವು: ತಗಡು, ಬಾಗಿಲು, ಮರದ ಅಟ್ಟ, ಚೀಲಗಳು, ಸರಕಾರಿ ಮುದ್ರೆ ಬಿದ್ದ ತಕ್ಕಡಿ. ತಕ್ಕಡಿಯ ಜೊತೆ ಹತ್ತು ಕಿಲೋದ ಒಂದು ಕಬ್ಬಿಣದ ತೂಕದ ಕಲ್ಲೂ ಬೇಕೆಂದರು. ಸಕ್ಕರೆಯ ಆಟ ಊರೆಲ್ಲ ಹಬ್ಬಿತ್ತು.

ಜಗಳವಾದದ್ದು ಗೋದಾಮಿನ ಮೂರು ಬೀಗದ ಮೇಲೆ. ಹಣ ನಮ್ಮದಾದ್ದರಿಂದ ಮೂರರಲ್ಲಿ ಒಂದು ಕೀಲಿ ನಮ್ಮ ಕಡೆಯವರ ಬಳಿ, ಸದ್ಯಕ್ಕೆ ಲಿಂಬೆಯ ಲೆಕ್ಕಿಗರ ಬಳಿ, ಇರಲಿ ಎಂದು ಸಾಹೇಬರು ಪಟ್ಟು ಹಿಡಿದರು. ಅದು ಬ್ಯಾಂಕಿನ ನಿಯಮ, ಜಂಟಿ ಹೊಣೆ. ಹೆಂಗಸರು ಬಹಳ ಹೊತ್ತು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಕಾರ್ಯದರ್ಶಿ ಎದ್ದು ಹೇಳಿದಳು: "ಬಾಂಬೊ (ಯಜಮಾನರೇ), ಮಳೆ ಬಂದು ತಗಡು ಸೋರಿದ ರಾತ್ರಿ ಬಾಗಿಲು ತೆಗೆಯಲು ನಾವು ಲಿಂಬೆಗೆ ನಡೆದು ಹೋಗಬೇಕೇ?"

ಸಾಹೇಬರು ಉತ್ತರಿಸಲಿಲ್ಲ. ಸ್ವಲ್ಪ ಹೊತ್ತಿನ ನಂತರ ಪುಸ್ತಕದ ಪ್ರತಿ ತಿಂಗಳಿಗೊಮ್ಮೆ ಫೋಟೊ ತೆಗೆದು ಕಳಿಸಿದರೆ ಸಾಕು ಎಂದರು.

ಆಗಸ್ಟ್ 20, ಮಂಗಳವಾರ

ಬ್ಲಾಂಟೈರಿನ ವಕೀಲರ ಕಚೇರಿ. ಮಲಾವಿಯ ಕಾನೂನಿನಂತೆ ಸರಕಾರೇತರ ಸಂಸ್ಥೆಯ ಧರ್ಮದರ್ಶಿಗಳಲ್ಲಿ ಕನಿಷ್ಠ ಇಬ್ಬರು ಈ ದೇಶದ ಪ್ರಜೆಗಳಿರಬೇಕು. ಕಾಂಗೋಮಾ ಎಂಬ ಸಂಸ್ಥೆಗಳ ಒಕ್ಕೂಟದ ಸದಸ್ಯತ್ವ, ಸಂಬಂಧಪಟ್ಟ ಇಲಾಖೆಯ ಜೊತೆ ಒಪ್ಪಂದ ಪತ್ರ, ಆಮೇಲೆ ನಿಯಂತ್ರಣ ಪ್ರಾಧಿಕಾರದ ನೋಂದಣಿ. "ಇಬ್ಬರು ಸಾಕಲ್ಲ" ಎಂದರು ವಕೀಲರು. ನಮ್ಮ ಏಳು ಹೆಸರುಗಳಲ್ಲಿ ಐದು ಫಲೊಂಬೆಯವು: ಮುಖ್ಯಸ್ಥೆ, ಕಾರ್ಯದರ್ಶಿ, ಪಂಪಿನಾಕೆ, ಮಾಸ್ತರರು, ಆರೋಗ್ಯ ಕೇಂದ್ರದ ದಾದಿ. ವಕೀಲರು ಎರಡು ಸಲ ಎಣಿಸಿ, ಹಣ ಕೊಡುವವರು ಮತದಾನದಲ್ಲಿ ಸೋಲುತ್ತೀರಲ್ಲ ಎಂದು ಎಚ್ಚರಿಸಿದರು. "ಈಗಾಗಲೇ ಸೋತಿದ್ದೇವೆ" ಎಂದರು ಸಾಹೇಬರು.

ಹೆಸರನ್ನು ಅವರೇ ಇಟ್ಟಿದ್ದಾರೆ. ಸಾಹೇಬರ ಮನಸ್ಸಿನಲ್ಲಿ 'ಅನ್ನಪೂರ್ಣ' ಇತ್ತು. ನೋಂದಣಿ ಆಗುವ ತನಕ ಬರೆಯಬಾರದೆಂದು ವಕೀಲರ ಅಪ್ಪಣೆ.

ಆಗಸ್ಟ್ 21, ಬುಧವಾರ

ಚಿಲೇಕಾದಲ್ಲಿ ವಿಮಾನ ಎರಡು ಗಂಟೆ ತಡ. ಅಪ್ಪನಿಗೆ ಫೋನು ಮಾಡಿದೆ. ಸೌಮಾ, ಮಾರುತಿ ತಳಿಗಳ ವಿಷಯ ಹೇಳಿದೆ, ಎಂಟಕ್ಕೆ ನಿಂತ ಮುಳ್ಳಿನ ವಿಷಯ ಹೇಳಿದೆ. ಅಲ್ಲಿ ಅವರು ಉಸಿರೆಳೆದುಕೊಂಡದ್ದು ಕೇಳಿಸಿತು.

"ಸ್ಪ್ರಿಂಗಿನದು ಕೊಡಿಸಬೇಡ. ತಟ್ಟೆಯದು ಕೊಡಿಸು" ಎಂದರು. ಸ್ವಲ್ಪ ತಡೆದು, "ಒಟ್ಟು ಎಷ್ಟು ಚೀಲ ಇಡುತ್ತಾರಂತೆ?"

"ಈ ವರ್ಷ ಐವತ್ತು ಕಿಲೋದ್ದು ನಲವತ್ತು."

"ನಲವತ್ತೇ?" ಅಪ್ಪ ನಗಲು ಶುರು ಮಾಡಿದರು, ನಗು ಕೆಮ್ಮಿಗೆ ತಿರುಗಿತು. "ನಾನು ಹಡಗು ಅಂದುಕೊಂಡಿದ್ದೆನಲ್ಲೋ."

ಪಕ್ಕದ ಕುರ್ಚಿಯಲ್ಲಿ ಸಾಹೇಬರು ಕಡತದ ಹಿಂಬದಿಯಲ್ಲಿ ನಲವತ್ತನ್ನು ಮೂರರಿಂದ ಭಾಗಿಸುತ್ತಿದ್ದರು.